ಕಾಲಿಗೆ ಕಟ್ಟುವ ತೂಕದ ಪಟ್ಟಿ: ಹನ್ನೊಂದು ತಿಂಗಳ ಬಳಕೆಯ ನಂತರ

ಅರವತ್ತು ದಾಟಿದವರು ಮನೆಯಲ್ಲೇ ವ್ಯಾಯಾಮ ಮಾಡಲು ಕೊಳ್ಳುವ, ಪಾದದ ಗಂಟಿನ ಮೇಲೆ ಸುತ್ತಿ ಕಟ್ಟಿಕೊಳ್ಳುವ ತೂಕದ ಪಟ್ಟಿಗಳ ಕುರಿತು ಇದನ್ನು ಬರೆಯುತ್ತಿದ್ದೇನೆ. ಅಂಗಡಿಯವರು ಇದನ್ನು ಆಂಕಲ್ ವೇಟ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮರಳುಚೀಲ ಎಂಬ ಹೆಸರೇ ನಿಂತುಹೋಗಿದೆ. ಹನ್ನೊಂದು ತಿಂಗಳಲ್ಲಿ ಎರಡು ಜೊತೆ ಬಳಸಿದ್ದೇನೆ. ಮೊದಲನೆಯದು ಎರಡೂವರೆ ತಿಂಗಳಿಗೆ ಹಾಳಾಯಿತು, ಎರಡನೆಯದು ಇಂದು ಬೆಳಿಗ್ಗೆಯೂ ನನ್ನ ಕಾಲಿನಲ್ಲಿತ್ತು. ಎರಡಕ್ಕೂ ಇರುವ ವ್ಯತ್ಯಾಸ ಬೆಲೆಯದ್ದು ಮಾತ್ರವಲ್ಲ. ಅದು ಹೊಲಿದಿರುವ ಬಗೆಯಲ್ಲಿದೆ, ಮತ್ತು ವಯಸ್ಸಾದವರಿಗೆ ಆ ವ್ಯತ್ಯಾಸವೇ ಮುಖ್ಯ ಎಂಬುದು ನನ್ನ ಅನುಭವ. ನನಗೆ ಈಗ 67 ವರ್ಷ. ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಳಾಗಿ, ತುಮಕೂರಿನ ಎಸ್‌.ಎಸ್‌. ಪುರಂನಲ್ಲಿ ಯಜಮಾನರೊಂದಿಗೆ ಇದ್ದೇನೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ಅಂದರೆ ಮನೆಯ ಕೆಲಸ, ಪೇಟೆ, ಬ್ಯಾಂಕು, ಆಸ್ಪತ್ರೆ ಎಲ್ಲವೂ ನಾವಿಬ್ಬರೇ ನಮ್ಮ ಕಾಲಮೇಲೆ ಓಡಾಡಿ ಮಾಡಿಕೊಳ್ಳಬೇಕಾದದ್ದು.

ಪಟ್ಟಿ ಮನೆಗೆ ಬಂದ ಕಾರಣವನ್ನು ಹೇಳದೆ ಅದರ ಗುಣದೋಷ ಹೇಳಿದರೆ ಅರ್ಧ ಮಾತಾಗುತ್ತದೆ. ಕಳೆದ ವರ್ಷ ಕೊರಟಗೆರೆಯಲ್ಲಿ ಬಂಧುಗಳ ಮನೆಯ ನಾಮಕರಣಕ್ಕೆ ಹೊರಟಿದ್ದೆ. ತುಮಕೂರು ಬಸ್ ನಿಲ್ದಾಣದಲ್ಲಿ ಬಲಗಾಲನ್ನು ಬಸ್ಸಿನ ಮೊದಲ ಮೆಟ್ಟಿಲ ಮೇಲೆ ಇಟ್ಟು ಕಂಬಿಯನ್ನೂ ಹಿಡಿದಿದ್ದೆ. ಆದರೆ ಆ ಒಂದು ಕಾಲಿನ ಮೇಲೆ ಮೈಯನ್ನು ಎತ್ತಿಕೊಳ್ಳುವ ಶಕ್ತಿ ಬರಲಿಲ್ಲ. ನೋವಿರಲಿಲ್ಲ, ತಲೆ ಸುತ್ತಲಿಲ್ಲ, ಕಾಲು ಸುಮ್ಮನೆ ಒಲ್ಲೆ ಎಂದಿತು. ಹಿಂದೆ ಜನ ಕಾಯುತ್ತಿದ್ದರು. ಒಳಗಿನಿಂದ ಕಂಡಕ್ಟರ್ ಬಗ್ಗಿ "ಕೈ ಕೊಡಿ ಅಮ್ಮ" ಎಂದು ರಟ್ಟೆ ಹಿಡಿದು ಮೇಲಕ್ಕೆಳೆದುಕೊಂಡರು. ಅವರು ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಕೊರಟಗೆರೆ ತಲುಪುವವರೆಗೂ ನನಗೆ ಕಿಟಕಿಯ ಹೊರಗಿನದ್ದು ಏನೂ ಕಾಣಲಿಲ್ಲ.

ನನಗೆ ಅರ್ಥವಾಗದ ಸಂಗತಿಯೆಂದರೆ, ನಾನು ಸೋಮಾರಿಯಾಗಿ ಕುಳಿತವಳಲ್ಲ. ಆರು ವರ್ಷಗಳಿಂದ ಬೆಳಿಗ್ಗೆ ಅಮಾನಿಕೆರೆಯ ಬಳಿ ನಲವತ್ತು ನಿಮಿಷ ತಪ್ಪದೆ ನಡೆಯುತ್ತಿದ್ದೆ. ಇದನ್ನೇ ಫಿಸಿಯೋಥೆರಪಿಸ್ಟ್ ಹುಡುಗಿಯೊಬ್ಬಳ ಮುಂದೆ ಹೇಳಿಕೊಂಡಾಗ ಅವಳು ಕೊಟ್ಟ ವಿವರಣೆ ಸರಳವಾಗಿತ್ತು. ನಡಿಗೆ ಹೃದಯಕ್ಕೆ, ಉಸಿರಿಗೆ, ಸಕ್ಕರೆಯ ಮಟ್ಟಕ್ಕೆ ಒಳ್ಳೆಯದು, ಬಿಡಬಾರದು. ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆ ತನಗೆ ಈಗಾಗಲೇ ರೂಢಿಯಾಗಿರುವಷ್ಟೇ ಕೆಲಸ ಮಾಡುತ್ತದೆ. ಸ್ನಾಯು ಬಲಗೊಳ್ಳುವುದು ರೂಢಿಗಿಂತ ಹೆಚ್ಚು ಭಾರವನ್ನು ಎದುರಿಸಬೇಕಾಗಿ ಬಂದಾಗ ಮಾತ್ರ. ವಯಸ್ಸು ಹೆಚ್ಚಿದಂತೆ ಮಾಂಸಖಂಡ ಕರಗುವುದು ಎಲ್ಲರಿಗೂ ಇದ್ದದ್ದೇ. ಅರವತ್ತರ ನಂತರ ಆ ಕರಗುವಿಕೆ ಚುರುಕಾಗುತ್ತದೆ. ಅದರಲ್ಲೂ ಮೊದಲು ಸೊರಗುವುದು ಥಟ್ಟನೆ ಬಲ ಹಾಕುವ ಎಳೆಗಳು, ಅಂದರೆ ಎಡವಿದಾಗ ಕ್ಷಣಾರ್ಧದಲ್ಲಿ ಇನ್ನೊಂದು ಕಾಲನ್ನು ಮುಂದಿಟ್ಟು ಮೈ ತಡೆಯುವ ಎಳೆಗಳು. ಈ ಸ್ನಾಯುಕ್ಷಯಕ್ಕೆ ಸಾರ್ಕೋಪೀನಿಯಾ ಎಂಬ ಹೆಸರನ್ನು ಇರ್ವಿನ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬಳಕೆಗೆ ತಂದದ್ದು 1989ರಲ್ಲಿ. "ವಯಸ್ಸಾಯಿತಲ್ಲ, ಇನ್ನೇನು" ಎಂದು ನಮ್ಮ ಹಿರಿಯರು ಅದನ್ನು ಒಪ್ಪಿಕೊಂಡುಬಿಡುತ್ತಿದ್ದರು.

ಒಪ್ಪಿಕೊಳ್ಳಬೇಕಾಗಿಲ್ಲ ಎಂಬುದಕ್ಕೆ ಅವಳು ಹೇಳಿದ ಉದಾಹರಣೆ ನನ್ನ ಮನಸ್ಸಿನಲ್ಲಿ ಊರಿಹೋಯಿತು. ಅಮೆರಿಕದ ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲುಗಳಿಂದ ಭಾರ ಎತ್ತಿಸಿದರು. 1990ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಆಗುವುದು ಅರವತ್ತಾರರಲ್ಲಿ ಆಗದೆ ಇರುತ್ತದೆಯೇ? ನಮ್ಮ ಊರಿನವರಂತೂ ಇದನ್ನು ನಂಬಲು ಕಷ್ಟಪಡಬೇಕಿಲ್ಲ. 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ನೂರು ದಾಟಿದ ಮೇಲೂ ನಡೆದಾಡುತ್ತಾ ಮಠದ ಕೆಲಸ ನೋಡುತ್ತಿದ್ದುದನ್ನು ಕಣ್ಣಾರೆ ಕಂಡವರು ನಾವು. ಅದು ಮಹಾತ್ಮರಿಗೆ ಮಾತ್ರ ಸಾಧ್ಯ ಎಂದು ನಾನೂ ಅಂದುಕೊಂಡಿದ್ದೆ. ಅವರ ತಪಸ್ಸು ನಮಗೆ ಎಟುಕದು, ನಿಜ. ಆದರೆ ಸ್ನಾಯುವಿಗೆ ಕೆಲಸ ಕೊಟ್ಟರೆ ಅದು ಬೆಳೆಯುತ್ತದೆ ಎಂಬುದು ಎಲ್ಲರ ಮೈಗೂ ಅನ್ವಯಿಸುವ ಮಾತು.

ಅವಳು ನನಗೆ ಕಲಿಸಿದ್ದು ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ರೂಪಿಸಿದ ವ್ಯಾಯಾಮಕ್ರಮವನ್ನು. ಹಿರಿಯರು ಬೀಳುವುದನ್ನು ತಡೆಯಲೆಂದೇ ಮಾಡಿದ ಕ್ರಮವಿದು. 1997ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಎಂಬತ್ತು ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 233 ಮಹಿಳೆಯರಿದ್ದರು. ಮುಂದೆ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವ ಪ್ರಮಾಣ ಸುಮಾರು ಶೇ. 35ರಷ್ಟು ಕಡಿಮೆಯಾದದ್ದು ಕಂಡುಬಂದಿತು. ಈ ಕ್ರಮಕ್ಕೆ ಜಿಮ್ ಬೇಡ, ಯಂತ್ರ ಬೇಡ. ಒಂದು ಗಟ್ಟಿ ಕುರ್ಚಿ, ಹಿಡಿದುಕೊಳ್ಳಲು ಒಂದು ಅಡುಗೆಕಟ್ಟೆ, ಕಾಲಿಗೆ ಕಟ್ಟುವ ತೂಕ, ವಾರಕ್ಕೆ ಮೂರು ದಿನ ಅರ್ಧ ಗಂಟೆ, ಉಳಿದಂತೆ ವಾರಕ್ಕೆ ಎರಡು ದಿನವಾದರೂ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿಯೂ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಕನಿಷ್ಠ ಎರಡು ದಿನ, ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ವ್ಯಾಯಾಮವನ್ನು ಕನಿಷ್ಠ ಮೂರು ದಿನ ಮಾಡಲು ಹೇಳುತ್ತದೆ. ಇದರಲ್ಲಿ ಮೊದಲನೆಯದನ್ನು ಮಾತ್ರ ನಾನು ಆರು ವರ್ಷ ಮಾಡಿದ್ದೆ.

ಇನ್ನು ಪಟ್ಟಿಯ ವಿಷಯ. "ಅರ್ಧ ಕೆಜಿಯಿಂದ ಶುರು ಮಾಡಿ ಮೇಡಂ" ಎಂದು ಅವಳು ಹೇಳಿದ್ದನ್ನು ಮಗನಿಗೆ ಫೋನಿನಲ್ಲಿ ತಿಳಿಸಿದೆ. ಅವನು ಮೊಬೈಲಿನಲ್ಲೇ ತರಿಸಿ ಕಳಿಸಿದ್ದು ಒಂದೊಂದು ಕಾಲಿಗೆ 1 ಕೆಜಿಯಂತೆ ಇರುವ, ತೂಕ ಬದಲಿಸಲು ಬಾರದ ಜೊತೆ. ಬೆಲೆ 479 ರೂಪಾಯಿ. ಅರ್ಧ ಕೆಜಿಯದ್ದು ಅಲ್ಲಿ ಮುಗಿದುಹೋಗಿತ್ತಂತೆ. ಬಂದ ವಸ್ತುವನ್ನು ಹಿಂದಿರುಗಿಸುವುದೇಕೆ ಎಂದು ಅದನ್ನೇ ಕಟ್ಟಿಕೊಂಡೆ. ಇದು ನನ್ನ ತಪ್ಪು. ಎರಡನೆಯ ವಾರದ ಹೊತ್ತಿಗೆ ಎಡ ಮಂಡಿ ಊದಿಕೊಂಡು ಒಂಬತ್ತು ದಿನ ವ್ಯಾಯಾಮವನ್ನೇ ನಿಲ್ಲಿಸಬೇಕಾಯಿತು. ಯುವಕರಿಗೆ ಅರ್ಧ ಕೆಜಿಯ ಅಂತರ ಲೆಕ್ಕಕ್ಕಿಲ್ಲ. ಸವೆದ ಮಂಡಿಗೆ ಅದು ದೊಡ್ಡ ಅಂತರ, ಏಕೆಂದರೆ ಕುಳಿತು ಕಾಲು ನೀಡುವಾಗ ತೂಕ ಇರುವುದು ಮಂಡಿಯಿಂದ ಒಂದು ಅಡಿಗೂ ಹೆಚ್ಚು ದೂರದಲ್ಲಿ. ಉದ್ದನೆಯ ಸೌಟಿನ ತುದಿಯಲ್ಲಿ ಸಾರು ತುಂಬಿ ಎತ್ತುವಾಗ ಮಣಿಕಟ್ಟಿಗೆ ಆಗುವ ಶ್ರಮವನ್ನು ನೆನೆದರೆ ಇದು ತಿಳಿಯುತ್ತದೆ.

ಆ ಪಟ್ಟಿಯ ತಯಾರಿಕೆಯೂ ಸರಿಯಿರಲಿಲ್ಲ. ಹೊರಗೆ ತೆಳುವಾದ ರೆಕ್ಸಿನ್, ಒಳಗೆ ಕಬ್ಬಿಣದ ಪುಡಿ ಬೆರೆತ ಮರಳು. ಬಿಚ್ಚಿದ ದಿನದಿಂದ ವಾರದವರೆಗೆ ಹೊಸ ಟೈರಿನಂಥ ವಾಸನೆ. ಎಡಗಾಲಿನದು ಹಗುರ ಎಂದು ನನಗೆ ದಿನವೂ ಅನ್ನಿಸುತ್ತಿತ್ತು. ಮನಸ್ಸಿನ ಭ್ರಮೆಯಿರಬಹುದೆಂದು ಎರಡನ್ನೂ ನಮ್ಮ ಬೀದಿಯ ಕಿರಾಣಿ ಅಂಗಡಿಗೆ ಒಯ್ದು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಡಿಸಿದೆ. ಒಂದು 905 ಗ್ರಾಂ, ಇನ್ನೊಂದು 1 ಕೆಜಿ 40 ಗ್ರಾಂ. ಹಿಂಬದಿಯ ಚೀಟಿಯಲ್ಲಿ ಎರಡಕ್ಕೂ 1 ಕೆಜಿ ಎಂದೇ ಅಚ್ಚಾಗಿತ್ತು. ಎರಡು ತಿಂಗಳಾದ ಮೇಲೆ ಒಂದು ದಿನ ಕಸ ಗುಡಿಸುವಾಗ ಕುರ್ಚಿಯ ಕೆಳಗೆ ಕಪ್ಪನೆಯ ಪುಡಿ ಗೆರೆಯಾಗಿ ಬಿದ್ದಿತ್ತು. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ಕಟ್ಟುವಾಗ ಪ್ರತಿ ಸಲ ಮಡಚಿಕೊಳ್ಳುವ ಜಾಗದಲ್ಲೇ ಒಂಟಿ ದಾರದ ಹೊಲಿಗೆ ಬಿಟ್ಟುಹೋಗಿತ್ತು. ಅಂಟುಪಟ್ಟಿಯ, ಅಂದರೆ ವೆಲ್ಕ್ರೋದ, ಮುಳ್ಳುಗಳಲ್ಲಿ ಸೀರೆಯ ಎಳೆಗಳು ತುಂಬಿ ಹಿಡಿತವೂ ಸಡಿಲವಾಗಿತ್ತು. ಮಾರಿದವರಿಗೆ ಮಗ ಬರೆದು ಕೇಳಿದ. ಹತ್ತು ದಿನಗಳ ಗಡುವು ಮುಗಿದಿದೆ ಎಂಬ ಉತ್ತರ ಬಂದಿತು, ಅಷ್ಟೇ. ಚಪ್ಪಲಿ ಹೊಲಿಯುವವರ ಬಳಿ ಹೊಲಿಸಿದೆ. ಅವರು ನಲವತ್ತು ರೂಪಾಯಿಗೆ ಚೆನ್ನಾಗಿಯೇ ಹೊಲಿದುಕೊಟ್ಟರು, ಆದರೆ ಎರಡು ವಾರದಲ್ಲಿ ಇನ್ನೊಂದು ಮಗ್ಗುಲು ಬಿಟ್ಟುಕೊಂಡಿತು. ನಿಂತು ಕಾಲೆತ್ತುತ್ತಿರುವಾಗ ಪಟ್ಟಿ ಬಿಚ್ಚಿ ಪಾದದ ಮೇಲೆ ಜಾರಿದರೆ ಏನಾಗಬಹುದೆಂದು ಹೆದರಿ ಅದನ್ನು ಎತ್ತಿಟ್ಟೆ.

ಎರಡನೆಯ ಜೊತೆಯನ್ನು ನಾನೇ ಹೋಗಿ, ಊರೊಳಗಿನ ಕ್ರೀಡಾಸಾಮಗ್ರಿಯ ಅಂಗಡಿಯೊಂದರಲ್ಲಿ ಕುಳಿತು, ಕಾಲಿಗೆ ಕಟ್ಟಿ ನೋಡಿ ತಂದೆ. 1,350 ರೂಪಾಯಿ. ಮೊದಲಿನದರ ಸುಮಾರು ಮೂರು ಪಟ್ಟು. ಇದರ ಮೈಯಲ್ಲಿ ಸಾಲಾಗಿ ಎಂಟು ಸಣ್ಣ ಕಿಸೆಗಳಿವೆ; ಪ್ರತಿ ಕಿಸೆಯಲ್ಲಿ ಬಟ್ಟೆಯಲ್ಲಿ ಹೊಲಿದ 250 ಗ್ರಾಮಿನ ಕಬ್ಬಿಣದ ಗುಂಡುಗಳ ಪೊಟ್ಟಣ. ಎರಡು ಪೊಟ್ಟಣ ಹಾಕಿದರೆ ಅರ್ಧ ಕೆಜಿ, ಎಂಟೂ ಹಾಕಿದರೆ 2 ಕೆಜಿ. ಅದೇ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹದಿನಾರು ಪೊಟ್ಟಣಗಳನ್ನೂ ತೂಗಿಸಿದೆ. 246ರಿಂದ 254 ಗ್ರಾಮಿನೊಳಗೆ ಎಲ್ಲವೂ ಇದ್ದವು. ಅಂಚಿಗೆ ಜೋಡಿ ಹೊಲಿಗೆ ಇದೆ, ಅದರ ಮೇಲೆ ಪಟ್ಟೆ ಕೊಟ್ಟು ಮುಚ್ಚಿದ್ದಾರೆ. ಕಟ್ಟುವ ಪಟ್ಟಿ ಲೋಹದ ಬಳೆಯೊಳಗಿಂದ ಹಾದು ಹಿಂದಕ್ಕೆ ಮಡಚಿ ಅಂಟಿಕೊಳ್ಳುವುದರಿಂದ ಎಳೆದಷ್ಟು ಬಿಗಿಯಾಗುತ್ತದೆ, ತಾನಾಗಿ ಸಡಿಲುವುದಿಲ್ಲ. ಎಂಟೂವರೆ ತಿಂಗಳಾದರೂ ಒಂದು ದಾರ ಎದ್ದಿಲ್ಲ.

ಇದರಲ್ಲೂ ಕೊರತೆಗಳಿವೆ, ಮತ್ತು ಅವೆಲ್ಲ ಇದನ್ನು ಮಾಡುವವರು ವಯಸ್ಸಾದವರ ಬೆರಳನ್ನು ಗಮನಿಸಿಲ್ಲ ಎಂಬುದರಿಂದ ಹುಟ್ಟಿದ ಕೊರತೆಗಳು. ವೆಲ್ಕ್ರೋದ ತುದಿ ಪೂರ್ತಿ ಅಂಟಿಕೊಂಡರೆ ಅದನ್ನು ಬಿಡಿಸಲು ಉಗುರು ತೂರಿಸಬೇಕು; ಬೆರಳಿನ ಗೆಣ್ಣು ನೋಯುವವರಿಗೆ ಇದು ತೂಕ ಎತ್ತುವುದಕ್ಕಿಂತ ಕಷ್ಟ. ನಾನು ದರ್ಜಿಯವರ ಬಳಿ ತುದಿಗೆ ಎರಡು ಬೆರಳಗಲದ ನಾಡಾ ಹೊಲಿಸಿಕೊಂಡೆ. ಈಗ ಅದನ್ನು ಹಿಡಿದು ಎಳೆದರೆ ಸಾಕು. ಕಿಸೆಗಳ ಬಾಯಿ ಕಿರಿದು; ಪೊಟ್ಟಣ ತೆಗೆದು ಹಾಕುವ ಕೆಲಸಕ್ಕೆ ಯಜಮಾನರನ್ನು ಕರೆಯಬೇಕಾಗುತ್ತದೆ, ಆದರೆ ಅದು ದಿನನಿತ್ಯದ ಕೆಲಸವಲ್ಲ, ತಿಂಗಳಿಗೊಮ್ಮೆ ಬರುವಂಥದ್ದು. ಒಳಮೈಯ ಸ್ಪಂಜಿನಂಥ ಬಟ್ಟೆ ಬೇಸಿಗೆಯಲ್ಲಿ ಬೆವರು ಹಿಡಿದು ಚರ್ಮ ಕೆಂಪಾಗಿಸಿತು. ಅಂದಿನಿಂದ ಹತ್ತಿಯ ಕಾಲುಚೀಲದ ಮೇಲೆ ಕಟ್ಟುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಕಾಲುಚೀಲವಿಲ್ಲದೆ ಇದನ್ನು ಕಟ್ಟಲೇಬಾರದು. ಉಜ್ಜಿ ಗಾಯವಾದರೂ ಅವರಿಗೆ ತಿಳಿಯುವುದಿಲ್ಲ. ಕಟ್ಟುವ ಕ್ರಮವನ್ನೂ ಹೇಳಬೇಕು. ನೆಲದವರೆಗೆ ಬಗ್ಗಿ ಕಟ್ಟಿದರೆ ನನಗೆ ತಲೆ ತಿರುಗುತ್ತದೆ. ಕುರ್ಚಿಯಲ್ಲಿ ಕುಳಿತು, ಎದುರಿಗೆ ಒಂದು ಮೋಡಾ ಇಟ್ಟುಕೊಂಡು, ಅದರ ಮೇಲೆ ಪಾದವಿಟ್ಟು ಕಟ್ಟಿದರೆ ಅರ್ಧ ಬಗ್ಗಿದರೆ ಸಾಕು.

ಬಳಕೆಯ ವಿವರ ಕೊಡದೆ ಇಂಥ ವಸ್ತುವಿನ ವಿಮರ್ಶೆ ಮುಗಿಯುವುದಿಲ್ಲ, ಏಕೆಂದರೆ ಕೊಂಡವರಲ್ಲಿ ಹೆಚ್ಚಿನವರು ಅದನ್ನು ಮಂಚದ ಕೆಳಗೆ ತಳ್ಳುವುದನ್ನು ನೋಡಿದ್ದೇನೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಕಾಫಿಯ ನಂತರ ನಮ್ಮ ಮನೆಯ ನಡುಮನೆಯಲ್ಲಿ ಇದು ನಡೆಯುತ್ತದೆ. ಐದು ನಿಮಿಷ ನಿಂತಲ್ಲೇ ಹೆಜ್ಜೆ ಹಾಕಿ ಮೈ ಬೆಚ್ಚಗಾದ ಮೇಲೆ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕುಳಿತು, ತೊಡೆಯ ಕೆಳಗೆ ಸುತ್ತಿದ ಟವೆಲು ಇಟ್ಟು, ಒಂದು ಕಾಲನ್ನು ಮಂಡಿ ನೆಟ್ಟಗಾಗುವವರೆಗೆ ನಿಧಾನವಾಗಿ ನೀಡುತ್ತೇನೆ. ಮೇಲಕ್ಕೆ ಎಣಿಕೆ ನಾಲ್ಕು, ಕೆಳಕ್ಕೆ ಎಣಿಕೆ ನಾಲ್ಕು. ನಂತರ ಅಡುಗೆಕಟ್ಟೆ ಹಿಡಿದು ನಿಂತು ಹಿಮ್ಮಡಿಯನ್ನು ಹಿಂದಕ್ಕೆ ಮಡಚಿ ಎತ್ತುವುದು, ಆಮೇಲೆ ಪಾದದ ಬೆರಳುಗಳು ಎದುರನ್ನೇ ನೋಡುವಂತೆ ಇಟ್ಟುಕೊಂಡು ಕಾಲನ್ನು ಪಕ್ಕಕ್ಕೆ ಚಾಚುವುದು. ಪ್ರತಿಯೊಂದೂ ಹತ್ತು ಸಲ, ನಡುವೆ ಒಂದೆರಡು ನಿಮಿಷ ವಿಶ್ರಾಂತಿ, ಮತ್ತೆ ಹತ್ತು ಸಲ. ಮೂರನೆಯದು ನೋಡಲು ತೀರ ಸುಲಭ, ಮಾಡಲು ಎಲ್ಲಕ್ಕಿಂತ ಕಷ್ಟ. ಸೊಂಟದ ಪಕ್ಕದ ಸ್ನಾಯು ಎಷ್ಟು ಸೊರಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಂದು ಕಾಲಿನ ಮೇಲೆ ನಿಂತಾಗ ಮೈ ವಾಲದಂತೆ ಹಿಡಿಯುವುದು ಅದೇ ಸ್ನಾಯು, ಆದ್ದರಿಂದ ಅದನ್ನು ಬಿಡಬಾರದು. ಇವಿಷ್ಟು ತೂಕದೊಂದಿಗೆ. ಆಮೇಲೆ ಪಟ್ಟಿ ಬಿಚ್ಚಿಟ್ಟು ಹಿಮ್ಮಡಿ ಎತ್ತಿ ಬೆರಳಿನ ಮೇಲೆ ನಿಲ್ಲುವುದು, ಬೆರಳೆತ್ತಿ ಹಿಮ್ಮಡಿಯ ಮೇಲೆ ನಿಲ್ಲುವುದು, ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ ಗೆರೆಯ ಮೇಲೆ ನಡೆದಂತೆ ನಡೆಯುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು.

ಎಣಿಕೆಯನ್ನು ಬಾಯಿಬಿಟ್ಟು, ಕೇಳಿಸುವಂತೆ ಎಣಿಸಬೇಕು. ಇದನ್ನು ಒತ್ತಿ ಹೇಳುತ್ತೇನೆ. ಭಾರ ಎತ್ತುವಾಗ ನಮಗೆ ಗೊತ್ತಿಲ್ಲದೆಯೇ ಉಸಿರು ಕಟ್ಟುತ್ತೇವೆ, ಆಗ ರಕ್ತದ ಒತ್ತಡ ಥಟ್ಟನೆ ಏರುತ್ತದೆ. ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಯಜಮಾನರು ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು, ಅವರು ಪತ್ರಿಕೆ ಮಡಚಿಟ್ಟು ಎರಡನೆಯ ಸರದಿಗೆ ಸೇರಿಕೊಂಡಾಗ ನಾನು ಹಾಕಿದ ಷರತ್ತು ಇದೊಂದೇ.

ತೂಕ ಏರಿಸುವ ಲೆಕ್ಕವೂ ಸರಳ. ಹತ್ತು ಸಲದ ಎರಡು ಸರದಿಯನ್ನು ಮೈ ಅಲುಗದೆ, ಕೊನೆಯೆರಡು ಮಾತ್ರ ಕಷ್ಟವೆನ್ನಿಸುವಂತೆ ಮಾಡಲು ಬಂದರೆ ಒಂದು ಪೊಟ್ಟಣ ಸೇರಿಸುವುದು. ಎಂಟಕ್ಕೇ ಕಾಲು ನಡುಗಿದರೆ ಅಲ್ಲೇ ಇರುವುದು. ನಾನು ಅರ್ಧ ಕೆಜಿಯಿಂದ ಹೊರಟು ಈಗ ಕುಳಿತು ಮಾಡುವುದಕ್ಕೆ 1 ಕೆಜಿ 750 ಗ್ರಾಂ, ಪಕ್ಕಕ್ಕೆ ಚಾಚುವುದಕ್ಕೆ 1 ಕೆಜಿಯಲ್ಲಿ ಇದ್ದೇನೆ. ಮಧ್ಯೆ ಜ್ವರ ಬಂದು ಮೂರು ವಾರ ಬಿಟ್ಟಾಗ ಎರಡು ಪೊಟ್ಟಣ ಇಳಿಸಿ ಮತ್ತೆ ಏರಿದೆ. ಒಂದೇ ತೂಕದ ಪಟ್ಟಿಯಲ್ಲಿ ಇದಾವುದೂ ಸಾಧ್ಯವಿಲ್ಲ. ಅದನ್ನು ಕೊಂಡವರು ಒಂದೋ ಹೆಚ್ಚು ಭಾರಕ್ಕೆ ಮಂಡಿ ಕೆಡಿಸಿಕೊಳ್ಳುತ್ತಾರೆ, ಇಲ್ಲವೇ ಅದೇ ಅರ್ಧ ಕೆಜಿಯನ್ನು ವರ್ಷಗಟ್ಟಲೆ ಎತ್ತುತ್ತಾ ಇದ್ದಲ್ಲೇ ಇರುತ್ತಾರೆ.

ಒಂದು ಎಚ್ಚರಿಕೆ. ಬೆಳಗಿನ ನಡಿಗೆಗೆ ಇದನ್ನು ಕಟ್ಟಿಕೊಂಡು ಬರುವ ಹಿರಿಯರನ್ನು ನೋಡಿದ್ದೇನೆ, ಒಂದು ಏಟಿಗೆ ಎರಡು ಕೆಲಸವಾಗಲಿ ಎಂಬ ಆಸೆಯಿಂದ. ಬೇಡ. ನಡೆಯುವಾಗ ಕಾಲು ಬೀಸುವ ರೀತಿಯೇ ಇದರಿಂದ ಬದಲಾಗುತ್ತದೆ, ಪ್ರತಿ ಹೆಜ್ಜೆಗೂ ಮಂಡಿ ಮತ್ತು ಸೊಂಟದ ಕೀಲು ಜಗ್ಗಿದಂತಾಗುತ್ತದೆ, ಎಡವುವ ಸಂಭವವೂ ಹೆಚ್ಚು. ಬೀಳದಿರಲೆಂದು ಕೊಂಡ ವಸ್ತುವಿನಿಂದಲೇ ಬೀಳುವಂತಾಗಬಾರದು.

ರಬ್ಬರ್ ಪಟ್ಟಿಗಳನ್ನೂ ಕೊಂಡಿದ್ದೆ, ಮೂರರ ಕಟ್ಟಿಗೆ 300 ರೂಪಾಯಿ. ಕೈ ಮತ್ತು ಭುಜಕ್ಕೆ ಅವು ಒಳ್ಳೆಯವು. ಅಟ್ಟದ ಮೇಲಿನ ಡಬ್ಬ ಇಳಿಸುವುದು ನನಗೆ ಈಗ ಸಲೀಸು. ಆದರೆ ಎಷ್ಟು ಭಾರ ಎಳೆಯುತ್ತಿದ್ದೇವೆ ಎಂಬ ಅಂದಾಜು ಸಿಗುವುದಿಲ್ಲ, ಬಣ್ಣಗಳ ಅರ್ಥವೂ ಒಂದು ಕಂಪನಿಯಂತೆ ಇನ್ನೊಂದರಲ್ಲಿಲ್ಲ. ಬಿಸಿಲು ಬೀಳುವ ಕಿಟಕಿಯಲ್ಲಿ ನೇತುಹಾಕಿದ್ದ ಒಂದು ಪಟ್ಟಿ ಬಿರುಕು ಬಿಟ್ಟು, ಎಳೆಯುತ್ತಿದ್ದಾಗಲೇ ತುಂಡಾಗಿ ಮುಂಗೈಗೆ ಬಾರಿಸಿತು. ಕಣ್ಣಿಗೆ ಬೀಳದಿದ್ದುದು ಪುಣ್ಯ. ಪ್ರತಿ ಸಲ ಬಳಸುವ ಮೊದಲು ಬೆಳಕಿಗೆ ಹಿಡಿದು ನೋಡಬೇಕು. ಕಾಲಿನ ವ್ಯಾಯಾಮಕ್ಕೆ ನಾನು ಇವನ್ನು ಶಿಫಾರಸು ಮಾಡುವುದಿಲ್ಲ.

ಊಟದ ಬಗ್ಗೆ ಎರಡೇ ಮಾತು. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ಹಿರಿಯರಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನಮ್ಮ ಕಡೆ ರಾಗಿಮುದ್ದೆ ತಿಂದರೆ ಶಕ್ತಿ ಎಂಬ ನಂಬಿಕೆ ಇದೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳವಾಗಿದೆ, ಆದರೆ ಪ್ರೋಟೀನ್ 100 ಗ್ರಾಮಿಗೆ 7 ಗ್ರಾಮಿನ ಆಸುಪಾಸು ಮಾತ್ರ. ಹುರುಳಿಯಲ್ಲಿ ಅದರ ಮೂರು ಪಟ್ಟು ಇದೆ. ಆದ್ದರಿಂದ ಮುದ್ದೆಯನ್ನು ಸಣ್ಣದು ಮಾಡಿ, ಸಾರಿನ ಕಾಳನ್ನು ಹೆಚ್ಚಿಸಿದ್ದೇನೆ.

ಫಲವನ್ನು ಅಳೆಯಲು ಫಿಸಿಯೋ ಹೇಳಿಕೊಟ್ಟ ಪರೀಕ್ಷೆ ಯಾರಾದರೂ ಮನೆಯಲ್ಲಿ ಮಾಡಬಹುದಾದದ್ದು. ಸುಮಾರು 43 ಸೆಂಟಿಮೀಟರ್ ಎತ್ತರದ, ಕೈಯಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈಗಳನ್ನು ಎದೆಯ ಮೇಲೆ ಅಡ್ಡಹಾಕಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಲು ಆಗುತ್ತದೆ ಎಂದು ಎಣಿಸುವುದು. 65ರಿಂದ 69ರ ವಯಸ್ಸಿನ ಹೆಂಗಸರಲ್ಲಿ ಹನ್ನೊಂದಕ್ಕಿಂತ ಕಡಿಮೆ, ಗಂಡಸರಲ್ಲಿ ಹನ್ನೆರಡಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಇದೆ ಎಂದು ಲೆಕ್ಕ. ಮೊದಲ ದಿನ ನನ್ನದು ಏಳು. ಮೂರು ತಿಂಗಳಿಗೆ ಒಂಬತ್ತು. ಕಳೆದ ವಾರ ಹದಿಮೂರು. ಈ ಅಂಕೆಗಳನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆದಿಟ್ಟಿದ್ದೇನೆ.

ಫೆಬ್ರವರಿಯಲ್ಲಿ ಮಗ, ಸೊಸೆ, ಮೊಮ್ಮಗಳೊಂದಿಗೆ ದೇವರಾಯನದುರ್ಗಕ್ಕೆ ಹೋಗಿ ಬೆಟ್ಟದ ಮೇಲಿನ ಯೋಗಾನರಸಿಂಹನ ಸನ್ನಿಧಿಯ ಮೆಟ್ಟಿಲುಗಳನ್ನು ಮೂರು ಕಡೆ ನಿಂತು ಸುಧಾರಿಸಿಕೊಂಡು ಹತ್ತಿದೆ. ಹತ್ತಿದ್ದಕ್ಕಿಂತ ನನಗೆ ಸಮಾಧಾನ ಕೊಟ್ಟದ್ದು ಇಳಿದದ್ದು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ನೀಳವಾಗುತ್ತಲೇ ಮೈಭಾರವನ್ನು ತಡೆಯಬೇಕು. ಅದು ಸೋತರೆ ಮಂಡಿ ಕುಸಿಯುತ್ತದೆ. ಪಟ್ಟಿಯನ್ನು ನಾಲ್ಕು ಎಣಿಸುತ್ತಾ ಕೆಳಗಿಳಿಸಿದ ಅಭ್ಯಾಸ ನೇರವಾಗಿ ಉಪಯೋಗಕ್ಕೆ ಬಂದದ್ದು ಅಲ್ಲಿ. ಬಸ್ಸಿನ ಮೆಟ್ಟಿಲನ್ನು ಈಗ ಕಂಬಿ ಹಿಡಿದು ನಾನೇ ಹತ್ತುತ್ತೇನೆ. ಆಗದೇ ಉಳಿದಿರುವುದನ್ನೂ ಹೇಳುತ್ತೇನೆ: ನೆಲದ ಮೇಲೆ ಕುಳಿತವಳು ಕೈ ಊರದೆ ಏಳಲು ಇಂದಿಗೂ ಆಗುವುದಿಲ್ಲ, ಎಡ ಮಂಡಿಯ ಸವೆತದ ನೋವು ಚಳಿಗಾಲದಲ್ಲಿ ಹಾಗೆಯೇ ಇತ್ತು. ಸವೆದ ಕೀಲನ್ನು ಈ ಪಟ್ಟಿ ಸರಿಪಡಿಸುವುದಿಲ್ಲ. ಅದರ ಸುತ್ತಲಿನ ಸ್ನಾಯುವನ್ನು ಗಟ್ಟಿ ಮಾಡುತ್ತದೆ, ಅಷ್ಟು.

ಕೊಳ್ಳುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ. ಕಿಸೆಗಳಿರುವ, ತೂಕ ಬದಲಿಸಬಹುದಾದ ಜೊತೆಯನ್ನೇ ಕೊಳ್ಳಿ, ಸಾಧ್ಯವಾದರೆ ಅಂಗಡಿಯಲ್ಲೇ ಕಾಲಿಗೆ ಕಟ್ಟಿ ನೋಡಿ, ಹೊಲಿಗೆಯನ್ನು ಮಡಚಿ ಪರೀಕ್ಷಿಸಿ. ಇತ್ತೀಚೆಗೆ ಮೂಳೆ ಮುರಿದವರು, ಸೊಂಟ ಅಥವಾ ಮಂಡಿಯ ಶಸ್ತ್ರಚಿಕಿತ್ಸೆ ಆದವರು, ಎದೆನೋವು ಇರುವವರು ವೈದ್ಯರನ್ನು ಕೇಳದೆ ಕಟ್ಟಬಾರದು. ಪಟ್ಟಿಗಿಂತ ಮೊದಲು ಒಂದೆರಡು ಸಲ ಫಿಸಿಯೋಥೆರಪಿಸ್ಟ್ ಬಳಿ ಹೋಗಿ ಕ್ರಮ ಕಲಿಯುವುದಕ್ಕೆ ಹಣ ಕೊಡಿ. ಕಲಿತ ಮೇಲೆ ಪ್ರತಿ ತಿಂಗಳ ಖರ್ಚು ಏನೂ ಇಲ್ಲ. ಒಟ್ಟು 1,350 ರೂಪಾಯಿಗೆ ನನಗೆ ಸಿಕ್ಕಿರುವುದನ್ನು ನೋಡಿದರೆ ಇದು ನಾನು ನಿವೃತ್ತಿಯ ನಂತರ ಕೊಂಡ ವಸ್ತುಗಳಲ್ಲಿ ಅತ್ಯಂತ ಬೆಲೆಬಾಳುವಂಥದ್ದು.

ಗುಬ್ಬಿಯಲ್ಲಿರುವ ನನ್ನ ಅಕ್ಕನಿಗೆ 74. "ಯಾರ ಕೈಯಲ್ಲೂ ಮಾಡಿಸಿಕೊಳ್ಳದೆ ಹೋದರೆ ಸಾಕು ಕಣೆ" ಎಂಬುದು ಅವಳ ದಿನದ ಮಾತು. ಬರುವ ಭಾನುವಾರ ಅವಳಿಗೂ ಇಂಥದ್ದೇ ಒಂದು ಜೊತೆಯನ್ನು, ತುದಿಗೆ ನಾಡಾ ಹೊಲಿಸಿ, ಎರಡು ಪೊಟ್ಟಣ ಮಾತ್ರ ತುಂಬಿಸಿ ಒಯ್ಯುತ್ತಿದ್ದೇನೆ. ಅವಳ ಮನೆಯಲ್ಲಿರುವುದು ಪ್ಲಾಸ್ಟಿಕ್ ಕುರ್ಚಿ, ನೆಲ ನುಣುಪಾದ ರೆಡ್ ಆಕ್ಸೈಡಿನದು. ಆದ್ದರಿಂದ ನಮ್ಮ ಮನೆಯ ಮರದ ಕುರ್ಚಿಯನ್ನೂ ಕಾರಿನಲ್ಲಿ ಹಾಕಿಕೊಡುವಂತೆ ಮಗನಿಗೆ ಹೇಳಿದ್ದೇನೆ.